ಒಂದೇ ಪ್ರತಿಯ ಪುರವಣಿ

ವಾರಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವನಿಗೆ ಇಟ್ಟಿದ್ದ ಹೆಸರು ಫಲಾನುಭವಿ. ಹನ್ನೊಂದು ವರ್ಷದಿಂದ ವಾರಕ್ಕೊಂದು ಹಣ್ಣಿನ ಬಗ್ಗೆ ಬರೆದು ಹೊಟ್ಟೆ ಹೊರೆಯುತ್ತಿದ್ದ ಈ ಮನುಷ್ಯನಿಗೆ ಹಣ್ಣೆಂದರೆ ಆಗುತ್ತಿರಲಿಲ್ಲ. ಮೇಜಿನ ಖಾನೆ ತುಂಬ ಬಿಸ್ಕತ್ತಿನ ಪೊಟ್ಟಣಗಳು. ಒಂದೊಂದನ್ನೇ ಕಾಫಿಗೆ ಅದ್ದಿ ಬಾಯಿಗಿಡುತ್ತ, ಇನ್ನೊಂದು ಕೈಯಲ್ಲಿ ‘ಸಕ್ಕರೆ ಬಿಡಿ, ಹಣ್ಣು ತಿನ್ನಿ’ ಎಂದು ಟೈಪ್ ಮಾಡುತ್ತಿದ್ದ. ಯಾರಾದರೂ ನಕ್ಕರೆ, ಅಪರಾಧ ಸುದ್ದಿ ಬರೆಯುವವರೆಲ್ಲ ಕೊಲೆ ಮಾಡಿಯೇ ಬಂದಿರುತ್ತಾರಾ ಎಂದು ಕೇಳುತ್ತಿದ್ದ.

ಅವನ ಪುಟದ ಹೆಸರು ‘ಹಾಯಾಗಿರಿ’. ತಲೆಬರಹದ ಪಕ್ಕದಲ್ಲಿ ಬೆಳ್ಳಿಗೂದಲಿನ, ದಪ್ಪ ಕನ್ನಡಕದ, ನೋಡಿದರೇ ಅರ್ಧ ಕಾಯಿಲೆ ವಾಸಿಯಾಗುವಂಥ ಒಬ್ಬ ಡಾಕ್ಟರ ಚಿತ್ರ, ಅದರ ಕೆಳಗೆ ‘ಡಾಕ್ಟರ್ ಹೇಳುತ್ತಾರೆ’ ಎಂಬ ಸಾಲು. ಆ ಮಹಾಶಯ ಕನ್ನಡಕದ ಅಂಗಡಿಯೊಂದರ ಹಳೆಯ ಜಾಹೀರಾತಿನಲ್ಲಿ ನಗುತ್ತ ನಿಂತಿದ್ದವನು. ಪುಟ ಕಟ್ಟುವವಳು ಅವನನ್ನು ಅಲ್ಲಿಂದ ಕತ್ತರಿಸಿ ತಂದು, ಬಿಳಿ ಕೋಟು ತೊಡಿಸಿ, ಕೊರಳಿಗೊಂದು ಸ್ಟೆತಾಸ್ಕೋಪ್ ಹಾಕಿದ್ದಳು. ಅಲ್ಲಿಗೆ ಅವನ ವೈದ್ಯಕೀಯ ಶಿಕ್ಷಣ ಮುಗಿದಿತ್ತು.

ಬರೆಯುವ ಕ್ರಮವೂ ಅಷ್ಟೇ ಸಲೀಸು. ಪುಟದಲ್ಲಿ ಮೂರು ಚೌಕ: ಇತಿಹಾಸ, ಆರೋಗ್ಯ, ಅಡುಗೆ. ಹನ್ನೊಂದು ವರ್ಷ ವಾರಕ್ಕೊಂದರಂತೆ ಬರೆಯುವಷ್ಟು ಬಗೆಯ ಹಣ್ಣುಗಳು ಮಾರುಕಟ್ಟೆಯಲ್ಲಿ ಎಲ್ಲಿವೆ? ಮೂರನೆಯ ವರ್ಷದಿಂದಲೇ ಫಲಾನುಭವಿ ಹಳೆಯ ಲೇಖನ ತೆರೆದು ಹಣ್ಣಿನ ಹೆಸರನ್ನಷ್ಟೇ ಬದಲಿಸತೊಡಗಿದ್ದ. ಆರೋಗ್ಯದ ಚೌಕವಂತೂ ಎಲ್ಲ ಹಣ್ಣಿಗೂ ಒಂದೇ. ಚರ್ಮಕ್ಕೆ ಕಾಂತಿ, ಹೃದಯಕ್ಕೆ ಹಿತ, ಹೊಟ್ಟೆ ಸಲೀಸು. ಒಮ್ಮೆ ದ್ರಾಕ್ಷಿಯ ಲೇಖನದ ಮೇಲೆ ಕಲ್ಲಂಗಡಿಯ ಹೆಸರು ಕೂರಿಸಿ, ‘ಕಲ್ಲಂಗಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯಿರಿ’ ಎಂದು ಅಚ್ಚಾಗಿತ್ತು. ಒಬ್ಬ ಓದುಗನೂ ಕಾಗದ ಬರೆದು ತಕರಾರು ತೆಗೆಯಲಿಲ್ಲ. ಜನ ತನ್ನ ಪುಟ ಓದುತ್ತಿಲ್ಲ ಎಂದು ಅವನು ಅಂದೇ ತಿಳಿದುಕೊಂಡು ನಿರಾಳವಾಗಿದ್ದ.

ಓದುತ್ತಿದ್ದವರು ಅವನ ಮನೆಯಲ್ಲೇ ಇದ್ದರು. ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಆರು ವರ್ಷದಿಂದ ಮಗಳು ಅಳಿಯನ ಜೊತೆಗಿದ್ದರು. ಮೂವತ್ತು ವರ್ಷ ದಾಖಲೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹೆಂಗಸು. ಬಾಯಿಮಾತಿಗೆ ಅವರ ಹತ್ತಿರ ಮೂರು ಕಾಸಿನ ಬೆಲೆ ಇರಲಿಲ್ಲ, ಕಾಗದದ ಮೇಲೆ ಬಂದದ್ದಷ್ಟೇ ಸತ್ಯ. ‘ಹಾಯಾಗಿರಿ’ಯ ಪ್ರತಿ ಪುಟವನ್ನೂ ಕತ್ತರಿಸಿ, ತೂತು ಹೊಡೆದು, ದಾರ ಪೋಣಿಸಿ ಕಡತ ಮಾಡಿಟ್ಟಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಕಲ್ಲಂಗಡಿಯ ವಾರ ಮಾತ್ರ, ‘ನನ್ನ ಬಾಯಿ ಚಿಕ್ಕದು, ಆಗಲಿಲ್ಲ ಅಂತ ಡಾಕ್ಟರಿಗೆ ಹೇಳ್ಬಿಡಿ’ ಎಂದು ಅಳಿಯನ ಕೈಯಲ್ಲಿ ಕ್ಷಮೆ ಕೇಳಿ ಕಳಿಸಿದ್ದರು.

ಹೌದು, ಡಾಕ್ಟರು ಇದ್ದಾರೆಂದೇ ಅವರು ನಂಬಿದ್ದರು. ಅಳಿಯ ದಿನಾ ಕಚೇರಿಗೆ ಹೋಗಿ ಆ ಬೆಳ್ಳಿಗೂದಲಿನವರ ಎದುರು ಕೂತು ಬರೆದುಕೊಂಡು ಬರುತ್ತಾನೆ ಎಂಬುದು ಅವರ ಎಣಿಕೆ. ಅವರು ಈ ಮನೆಗೆ ಬಂದ ಹೊಸದರಲ್ಲಿ ‘ಡಾಕ್ಟರು ಹೇಗಿದ್ದಾರೆ?’ ಎಂದು ಕೇಳಿದಾಗ ಫಲಾನುಭವಿ ತಮಾಷೆಗೆ ‘ಚೆನ್ನಾಗಿದ್ದಾರೆ ಅತ್ತೆ, ನಿಮ್ಮನ್ನ ಕೇಳಿದ್ರು’ ಅಂದುಬಿಟ್ಟಿದ್ದ. ಆ ತಮಾಷೆಯಿಂದ ಎಷ್ಟು ಅನುಕೂಲವಿದೆ ಎಂದು ವಾರದೊಳಗೆ ಗೊತ್ತಾಯಿತು. ರಜೆಯ ದಿನ ಮಧ್ಯಾಹ್ನ ಮೂರು ಗಂಟೆ ಗೊರಕೆ ಹೊಡೆದರೆ ಅದು ಡಾಕ್ಟರ ಸಲಹೆ. ತೂಕದ ಸಾಮಾನು ಎತ್ತದಿದ್ದರೆ ಅದೂ ಡಾಕ್ಟರ ಸಲಹೆ. ಕೊನೆಗೆ ದುರಾಸೆಗೆ ಬಿದ್ದು, ವಾರಕ್ಕೆ ಮೂರು ದಿನ ಕರಿದ ತಿಂಡಿ ತಿನ್ನಲು ಡಾಕ್ಟರು ಹೇಳಿದ್ದಾರೆ ಅಂದ. ಅತ್ತೆ ಒಳಗೆ ಹೋಗಿ ಕಡತ ತಂದು, ಎಣ್ಣೆ ಪದಾರ್ಥವನ್ನು ಅದೇ ಡಾಕ್ಟರು ವಿಷವೆಂದು ಕರೆದಿದ್ದ ಪುಟ ತೆರೆದು, ಆ ಸಾಲಿನ ಕೆಳಗೆ ಉಗುರಿನಿಂದ ಗೀರಿದರು.

“ಇನ್ಮೇಲೆ ಡಾಕ್ಟರ ಮಾತು ನಿಮ್ಮ ಬಾಯಿಂದ ಬೇಡ ಅಳಿಯಂದ್ರೇ,” ಅಂದರು. “ಏನಿದ್ರೂ ಪುಟದಲ್ಲಿ ಬರ್ಲಿ.”

ಇಷ್ಟರ ನಡುವೆ ಬಂದದ್ದು ಗ್ರೇಪ್‌ಫ್ರೂಟ್. ಹಣ್ಣಿನ ರಸ ಮಾರುವ ಕಂಪನಿಯೊಂದು ಆರು ವಾರಕ್ಕೆ ಜಾಹೀರಾತು ಕೊಡುವುದಾಗಿ ಒಪ್ಪಿತ್ತು. ‘ಈ ವಾರ ಗ್ರೇಪ್‌ಫ್ರೂಟ್ ಬರೀರಿ’ ಎಂದು ಸಂಪಾದಕರು ಕುರ್ಚಿಯಿಂದ ಏಳದೆ ಹೇಳಿದರು. ಫಲಾನುಭವಿ ಕಿತ್ತಳೆಯ ಹಳೆಯ ಲೇಖನ ತೆರೆದು ಹೆಸರು ಬದಲಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವನು ಓದಿದ್ದು ಇತಿಹಾಸ, ಇತಿಹಾಸದ ಚೌಕದ ಮೇಲೆ ಅವನಿಗೆ ಇನ್ನೂ ಒಂದಿಷ್ಟು ಮೋಹ ಉಳಿದಿತ್ತು. ಆ ಮೋಹದಿಂದ ಆ ದಿನ ನಿಜವಾಗಿ ಓದಿದ.

ಹಣ್ಣಿನ ಕಥೆ ಚೆನ್ನಾಗಿಯೇ ಇತ್ತು. ಮುನ್ನೂರು ವರ್ಷದ ಹಿಂದೆ ಈ ಹಣ್ಣು ಭೂಮಿಯ ಮೇಲೆ ಇರಲೇ ಇಲ್ಲವಂತೆ. ಬಾರ್ಬಡೋಸ್ ಎಂಬ ಪುಟ್ಟ ದ್ವೀಪದಲ್ಲಿ ಚಕ್ಕೋತವೂ ಸಿಹಿ ಕಿತ್ತಳೆಯೂ ಅಕ್ಕಪಕ್ಕ ಬೆಳೆದು, ಯಾರ ಅಪ್ಪಣೆಯೂ ಇಲ್ಲದೆ ಕೂಡಿ ಹುಟ್ಟಿದ ಕೂಸು ಇದು. ನೋಡಿದವರು ಇದನ್ನು ನಿಷಿದ್ಧ ಫಲ ಎಂದು ಕರೆದರು. ಮರದಲ್ಲಿ ದ್ರಾಕ್ಷಿಯ ಹಾಗೆ ಗೊಂಚಲು ಗೊಂಚಲಾಗಿ ಬಿಡುತ್ತದೆಂದು ಆಮೇಲೆ ಈಗಿನ ಹೆಸರು ಬಂತು. ಬಹಳ ಕಾಲ ಜನ ಇದನ್ನು ತಿನ್ನದೆ ಮರದ ಅಂದ ನೋಡಿಕೊಂಡೇ ಇದ್ದರು. ಮುಂದೆ ಯಾರೋ ಪ್ರತಿ ಊಟಕ್ಕೆ ಮುಂಚೆ ಅರ್ಧ ಹಣ್ಣು ತಿಂದರೆ ಮೈ ಇಳಿಯುತ್ತದೆಂದು ಸುದ್ದಿ ಎಬ್ಬಿಸಿದರು. ಅಲ್ಲಿಂದ ಅದರ ಅದೃಷ್ಟ ಖುಲಾಯಿಸಿತು.

ಇನ್ನೂ ಕೆಳಗೆ ಹೋದಾಗ ಅವನು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ. ಯಾವುದೋ ದೇಶದ ಸಂಶೋಧಕರು ರಕ್ತದೊತ್ತಡದ ಒಂದು ಮಾತ್ರೆಯನ್ನೂ ಮದ್ಯವನ್ನೂ ಒಟ್ಟಿಗೆ ಕೊಟ್ಟು ಪರೀಕ್ಷೆ ಮಾಡುತ್ತಿದ್ದರಂತೆ. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಈ ಹಣ್ಣಿನ ರಸ ಬೆರೆಸಿದರು. ನೋಡಿದರೆ ರಕ್ತದಲ್ಲಿ ಮಾತ್ರೆಯ ಅಂಶ ಎರ್ರಾಬಿರ್ರಿ ಏರಿ ಕೂತಿತ್ತು. ಮಾತ್ರೆಯನ್ನು ಕರಗಿಸಿ ಹದಕ್ಕೆ ತರುವ ಹೊಟ್ಟೆಯೊಳಗಿನ ಏರ್ಪಾಡನ್ನೇ ಈ ಹಣ್ಣು ಕಟ್ಟಿಹಾಕುತ್ತದೆ, ಹಾಗಾಗಿ ನುಂಗಿದ್ದು ಒಂದು ಮಾತ್ರೆಯಾದರೂ ಮೈಗೆ ಹತ್ತುವುದು ಹಲವು. ರಕ್ತದೊತ್ತಡದ, ಕೊಬ್ಬಿನ ಕೆಲವು ಮಾತ್ರೆಗಳ ಹೆಸರನ್ನೂ ಅಲ್ಲಿ ಪಟ್ಟಿ ಮಾಡಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಓದುಗರಿಗೆ ನಿಜವಾಗಿ ಬೇಕಾದ ಒಂದು ಸಂಗತಿ ಫಲಾನುಭವಿಯ ಕೈಗೆ ಸಿಕ್ಕಿತ್ತು. ಅವನು ಅದನ್ನು ನಾಲ್ಕು ಸಾಲಿನಲ್ಲಿ ಚೊಕ್ಕವಾಗಿ ಬರೆದ. ಬರೆದು, ಹನ್ನೊಂದು ವರ್ಷದ ಅಭ್ಯಾಸಬಲದಿಂದ, ಲೇಖನದ ಕೊನೆಗೆ ಇಟ್ಟ.

ಆ ಕಚೇರಿಯಲ್ಲಿ ಲೇಖನದ ಕೊನೆಗೆ ಬಾಲ ಎಂದು ಹೆಸರು. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುವುದು ಅಲ್ಲಿನ ಪದ್ಧತಿ. ಇದು ಗೊತ್ತಿದ್ದವರೆಲ್ಲ ಕತ್ತರಿ ಬಿದ್ದರೂ ಅಳು ಬರದಂಥ ನಾಲ್ಕು ಸಾಲು ಬಾಲಕ್ಕೆಂದೇ ಬರೆದಿಡುತ್ತಿದ್ದರು. ಫಲಾನುಭವಿಯ ಬಾಲ ಯಾವಾಗಲೂ ‘ವೈದ್ಯರ ಸಲಹೆ ಪಡೆದು ಸೇವಿಸಿರಿ’ ಎಂಬುದು. ಹನ್ನೊಂದು ವರ್ಷದಲ್ಲಿ ಅದು ಅಚ್ಚಾದದ್ದು ಒಂದೇ ಸಲ, ಅದೂ ಜಾಹೀರಾತು ಬಾರದೆ ಜಾಗ ಮಿಕ್ಕಿದ್ದಾಗ.

ಅಚ್ಚಾದ ಪುಟವನ್ನು ಮತ್ತೆ ಓದುವ ಚಟ ಅವನಿಗಿರಲಿಲ್ಲ. ಪತ್ರಿಕೆ ಶುಕ್ರವಾರ ಬಂತು. ಭಾನುವಾರ ಬೆಳಿಗ್ಗೆ ಅವನು ಹಲ್ಲುಜ್ಜಿ ಊಟದ ಮೇಜಿಗೆ ಬಂದಾಗ ಅತ್ತೆ ಅರ್ಧ ಹೋಳು ಮಾಡಿದ ಹಣ್ಣೊಂದನ್ನು ಬಟ್ಟಲಲ್ಲಿಟ್ಟುಕೊಂಡು ಚಮಚದಿಂದ ತಿರುಳು ತೋಡುತ್ತಿದ್ದರು. ಒಂದೊಂದು ತುತ್ತಿಗೂ ಮುಖ ಕಿವುಚಿಕೊಳ್ಳುತ್ತಿದ್ದರು.

“ಎಷ್ಟು ಕಹಿ ಅಂತೀರಿ,” ಅಂದರು. “ಆದ್ರೂ ಬಿಡೋದಿಲ್ಲ. ಊಟಕ್ಕೆ ಮುಂಚೆ ಅರ್ಧರ್ಧ ಅಂತ ಡಾಕ್ಟರು ಬರೆಸಿದಾರಲ್ಲ. ಇವತ್ತಿಗೆ ಮೂರು ದಿನ. ವಾಕಿಂಗಿನವರು ಒಂಬತ್ತು ಜನ ಸೇರಿ ಒಂದು ಪೆಟ್ಟಿಗೆನೇ ತರಿಸಿದೀವಿ.”

ಅತ್ತೆ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಾರೆ ಎಂಬುದು ಫಲಾನುಭವಿಗೆ ಆಗ ನೆನಪಾಯಿತು. ಅದನ್ನು ತಂದುಕೊಡುತ್ತಿದ್ದವನೂ ಅವನೇ. “ನೀವು ಪುಟ ಪೂರ್ತಿ ಓದಿದ್ರಾ?” ಎಂದು ಕೇಳಿದ.

“ಮೂರು ಸಲ.”

ಅವನು ಪತ್ರಿಕೆ ತೆರೆದ. ಅವನ ನಾಲ್ಕು ಸಾಲು ಇರಬೇಕಾದ ಕಡೆ ಹುಡುಗಿಯೊಬ್ಬಳು ರಸದ ಲೋಟ ಹಿಡಿದು ಹಲ್ಲು ಕಿರಿಯುತ್ತಿದ್ದಳು. ಎದ್ದು ಅತ್ತೆಯ ಮಾತ್ರೆಯ ಡಬ್ಬಿ ತೆಗೆದ. ಮಾತ್ರೆಯ ಹಾಳೆಯ ಹಿಂದಿನ ಸಣ್ಣಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಅವನು ಓದಿದ್ದ ಪಟ್ಟಿಯ ಎರಡನೆಯ ಹೆಸರು ಅದೇ.

“ಅತ್ತೆ, ತಲೆಗಿಲೆ ಸುತ್ತುತ್ತಾ?”

“ನಿನ್ನೆಯಿಂದ ಸ್ವಲ್ಪ ತೇಲಿದ ಹಾಗಾಗುತ್ತೆ. ಆಗ್ಲೇಬೇಕಲ್ಲ? ಮೊದಮೊದಲು ತಲೆ ಹಗುರಾದಂತೆ ಅನಿಸಿದರೆ ಹೆದರಬೇಡಿ, ಮೈಯ ಕಲ್ಮಶ ಹೊರಹೋಗುತ್ತಿದೆ ಎಂದರ್ಥ ಅಂತ ಇಲ್ಲೇ ಬರೆದಿದೆ ನೋಡಿ.”

ಅದು ಅವನದೇ ಸಾಲು. ಎಂಟು ವರ್ಷದ ಹಿಂದೆ ನೇರಳೆಹಣ್ಣಿಗೆಂದು, ಜಾಗ ತುಂಬಿಸಲು, ಕಾಫಿ ಆರುವುದರೊಳಗೆ ಹೊಸೆದದ್ದು. ಅಲ್ಲಿಂದ ಅದು ಹಣ್ಣಿನಿಂದ ಹಣ್ಣಿಗೆ ದಾಟಿಕೊಂಡು ಬಂದಿತ್ತು.

“ಅತ್ತೆ, ಅದನ್ನ ತಿನ್ಬೇಡಿ. ನಿಮ್ಮ ಮಾತ್ರೆಗೂ ಈ ಹಣ್ಣಿಗೂ ಆಗಿಬರಲ್ಲ. ಡಾಕ್ಟರೇ ಹೇಳಿದಾರೆ.”

ಅತ್ತೆ ಚಮಚ ಕೆಳಗಿಡದೆ ಅವನನ್ನು ನೋಡಿದರು. ಕರಿದ ತಿಂಡಿಯ ದಿನ ನೋಡಿದ್ದೂ ಹೀಗೆಯೇ. “ಎಲ್ಲಿ ಬರೆದಿದಾರೆ?”

“ಬರೆದಿದ್ರು. ಕತ್ತರಿಸ್ಬಿಟ್ರು.”

“ಬೇಕಾದ್ದನ್ನ ಕತ್ತರಿಸಿ ಬೇಡದ್ದನ್ನ ಅಚ್ಚು ಹಾಕೋಕೆ ಅವ್ರಿಗೇನು ಹುಚ್ಚಾ?”

ಹೆಂಡತಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದವಳು ಸಂಗತಿ ಕೇಳಿ, ತಾಯಿಯ ಬಟ್ಟಲಿಗೇ ಕೈ ಹಾಕಿದಳು. “ಅಮ್ಮಾ, ಡಾಕ್ಟರೂ ಇಲ್ಲ, ಗೀಕ್ಟರೂ ಇಲ್ಲ. ಎಲ್ಲ ಇವರೇ ಬರೆಯೋದು.”

“ಗಂಡನ ಮೇಲೆ ಸಿಟ್ಟಿದ್ರೆ ಗಂಡನ ಮೇಲೆ ತೀರಿಸ್ಕೋ. ಪಾಪ, ಆ ಡಾಕ್ಟರು ನಿನಗೇನು ಮಾಡಿದಾರೆ?” ಎಂದು ಅತ್ತೆ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಇವರು ಬರೆಯುತ್ತಾರಂತೆ, ಕಾಫಿ ಲೋಟ ತೊಳೆದಿಡಲು ಬಾರದ ಇವರು! ಅವರ ಮುಖ ಹಾಗೆ ಹೇಳುತ್ತಿತ್ತು. ಮಾತ್ರೆ ಬರೆದುಕೊಟ್ಟ ಆಸ್ಪತ್ರೆಗೇ ಹೋಗಿ ಕೇಳೋಣ ಎಂದು ಮಗಳು ಗೋಗರೆದಳು. ಹೋದ ತಿಂಗಳು ಹೋದಾಗ ಆ ಹುಡುಗ ಡಾಕ್ಟರು ಎರಡು ನಿಮಿಷವೂ ಮುಖ ನೋಡಲಿಲ್ಲ, ನಮ್ಮ ಡಾಕ್ಟರು ವಾರವಾರ ಒಂದು ಪುಟ ಮಾತಾಡುತ್ತಾರೆ ಅಂದರು ಅತ್ತೆ.

ಆ ದಿನ ಫಲಾನುಭವಿ ಮನೆಯಲ್ಲಿದ್ದ ಹಣ್ಣನ್ನೆಲ್ಲ ಚೀಲಕ್ಕೆ ತುಂಬಿ ಕಸದ ತೊಟ್ಟಿಗೆ ಹಾಕಿ ಬಂದ. ಸಂಜೆಯೊಳಗೆ ಅತ್ತೆ ವಾಕಿಂಗಿನ ಗೆಳತಿಯ ಮನೆಯಿಂದ ನಾಲ್ಕು ಹಣ್ಣು ತಂದರು. ಆ ಗೆಳತಿ ಬಟ್ಟೆ ಹೊಲಿಯುವ ಕೆಲಸದವರು, ಎಲ್ಲರೂ ಅವರನ್ನು ಹೊಲಿಗೆಯವರು ಎಂದೇ ಕರೆಯುತ್ತಿದ್ದರು. “ಹೊಲಿಗೆಯವರು ಸಕ್ಕರೆ ಉದುರಿಸಿ ಕೆಂಡದ ಮೇಲಿಟ್ಟು ತಿಂತಾರಂತೆ. ಅಡುಗೆ ಚೌಕದಲ್ಲಿ ಹಾಗಿದೆಯಲ್ಲ,” ಅಂದರು. ಬಾಗಿಲ ಬಳಿ ಚಪ್ಪಲಿ ಬಿಡುವಾಗ ಅವರು ಗೋಡೆ ಹಿಡಿದುಕೊಂಡದ್ದನ್ನು ಅಳಿಯ ನೋಡಿದ. ಇವರು ಎಲ್ಲಾದರೂ ಬಿದ್ದುಹೋದರೆ ಎಂಬ ಭಯ ಅವನನ್ನು ಹಿಂಡತೊಡಗಿತು.

ಸೋಮವಾರ ಕಚೇರಿಗೆ ಎಲ್ಲರಿಗಿಂತ ಮೊದಲು ಹೋದ. ಸಂಪಾದಕರು ಬರುತ್ತಿದ್ದಂತೆ ಹಿಂದೆಯೇ ನುಗ್ಗಿ ವಿಷಯ ಹೇಳಿದ. ಮುಂದಿನ ಸಂಚಿಕೆಯಲ್ಲಿ ದೊಡ್ಡಕ್ಷರದಲ್ಲಿ ಎಚ್ಚರಿಕೆ ಹಾಕಬೇಕು, ಅಷ್ಟರವರೆಗೆ ಇನ್ನೇನಾದರೂ ದಾರಿ ನೋಡಬೇಕು ಅಂದ.

“ಆರು ವಾರದ ಜಾಹೀರಾತು ಕಣ್ರೀ,” ಅಂದರು ಸಂಪಾದಕರು. “ಆ ಕಡೆ ರಸದ ಲೋಟ, ಈ ಕಡೆ ಕುಡಿದ್ರೆ ಬೀಳ್ತೀರಿ ಅಂತ ಎಚ್ಚರಿಕೆ. ಏನ್ ಚೆನ್ನಾಗಿರುತ್ತೆ ಹೇಳಿ. ನಮ್ಮ ಪುಟದ ಹೆಸರೇ ಹಾಯಾಗಿರಿ. ಜನರನ್ನ ಹೆದರಿಸೋದು ಅಪರಾಧ ಪುಟದವರ ಕೆಲಸ.”

“ಸರ್, ನಮ್ಮ ಅತ್ತೆ…”

“ನಿಮ್ಮ ಅತ್ತೆಗೆ ನೀವು ಮನೇಲಿ ಹೇಳಿ. ನಾನೇನು ಬೇಡ ಅಂದ್ನಾ?” ಸ್ವಲ್ಪ ಯೋಚಿಸಿ, ತಮ್ಮ ಒಳ್ಳೆಯತನಕ್ಕೆ ತಾವೇ ಕರಗಿದವರಂತೆ ಅಂದರು: “ಒಂದ್ಕೆಲಸ ಮಾಡಿ. ಮುಂದಿನ ವಾರ ಇತಿಹಾಸದ ಚೌಕದಲ್ಲಿ ಎಲ್ಲಾದ್ರೂ ಸೇರಿಸಿ. ಸಂಶೋಧಕರು, ಮದ್ಯ, ಹಿಂಗೆ ಹಿಂಗಾಯ್ತು ಅಂತ. ಅಲ್ಲಿ ಯಾರೂ ಓದಲ್ಲ, ಯಾರಿಗೂ ತೊಂದ್ರೆ ಇಲ್ಲ.”

ಇಲ್ಲಿ ಇನ್ನೊಬ್ಬನಾಗಿದ್ದರೆ ಮೇಜು ಗುದ್ದುತ್ತಿದ್ದ, ಕೆಲಸ ಬಿಡುತ್ತೇನೆಂದು ಹೆದರಿಸುತ್ತಿದ್ದ, ಕಡೇಪಕ್ಷ ಬಾಗಿಲನ್ನು ಸ್ವಲ್ಪ ಜೋರಾಗಿ ಎಳೆದುಕೊಳ್ಳುತ್ತಿದ್ದ. ಫಲಾನುಭವಿ ‘ಸರಿ ಸರ್’ ಎಂದು ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. ಅಲ್ಲಿಂದ ಪುಟ ಕಟ್ಟುವವಳ ಹತ್ತಿರ ಹೋಗಿ, ಆ ನಾಲ್ಕು ಸಾಲು ಓದಲಿಲ್ಲವೇ ಎಂದು ಕೇಳಿದ.

“ನಾನು ಕತ್ತರಿಸೋದನ್ನ ಓದಲ್ಲ, ಅಳೀತೀನಿ,” ಅಂದಳು ಅವಳು. “ಮೂರು ಸೆಂಟಿಮೀಟರ್ ಜಾಸ್ತಿ ಇತ್ತು. ಬಾಲದಲ್ಲಿ ಜೀವ ಇಡೋದು ನೀವು, ಕತ್ತರಿಸಿದ ಪಾಪ ನನಗಾ?”

ಆದರೂ ಅವಳು ಒಳ್ಳೆಯ ಹೆಂಗಸು, ಅವಳ ಮನೆಯಲ್ಲೂ ಮಾತ್ರೆ ನುಂಗುವವರಿದ್ದರು. ಉಪಾಯವನ್ನು ಹೇಳಿದವಳೂ ಅವಳೇ. ಪ್ರೂಫ್ ತೆಗೆಯುವ ಯಂತ್ರಕ್ಕೆ ಪತ್ರಿಕೆಯ ಕಾಗದವನ್ನೇ ಹಾಕಿ ಒಂದು ಹಾಳೆ ತೆಗೆದರೆ ಅಸಲಿಗೂ ಅದಕ್ಕೂ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಕಟ್ಟಿದರು. ಮೇಲೆ ‘ಹಾಯಾಗಿರಿ: ವಿಶೇಷ ಪುರವಣಿ’. ಪಕ್ಕದಲ್ಲಿ ಬೆಳ್ಳಿಗೂದಲಿನ ಡಾಕ್ಟರು, ನಗು ಸ್ವಲ್ಪ ಕಡಿಮೆ ಕಾಣಲೆಂದು ಬಾಯಿಯ ಹತ್ತಿರ ನೆರಳು ಕೊಟ್ಟದ್ದಾಯಿತು. ಮಧ್ಯೆ ಕಪ್ಪು ಚೌಕದಲ್ಲಿ ದಪ್ಪಕ್ಷರದ ಎಚ್ಚರಿಕೆ, ಮಾತ್ರೆಗಳ ಹೆಸರು ಸಮೇತ. ಹಿಂಬದಿಗೆ ಹಳೆಯ ಸಂಚಿಕೆಯ ಪದಬಂಧ.

ಮುಗಿಸುವ ಮುನ್ನ ಫಲಾನುಭವಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಅತ್ತೆ ಈ ಹಾಳೆ ಹಿಡಿದು ವಾಕಿಂಗಿಗೆ ಹೋದರೆ? ನಮಗೆ ಬಂದಿಲ್ಲವಲ್ಲ ಎಂದು ಉಳಿದವರು ಅಂದರೆ? ‘ಈ ಮಾತ್ರೆ ತೆಗೆದುಕೊಳ್ಳುವವರು ಒಂದು ವಾರ ವಾಕಿಂಗ್ ಬಿಟ್ಟು ಮನೆಯಲ್ಲೇ ವಿಶ್ರಾಂತಿ ಪಡೆಯಬೇಕು’ ಎಂದು ಒಂದು ಸಾಲು ಸೇರಿಸಿದ. ಈ ಸಲ ಬಾಲದಲ್ಲಿ ಅಲ್ಲ, ತಲೆಯಲ್ಲೇ. ತನ್ನ ಮುಂದಾಲೋಚನೆಗೆ ಅವನಿಗೇ ಮೆಚ್ಚುಗೆಯಾಯಿತು.

ಸಂಜೆ ಅತ್ತೆ ಪುರವಣಿಯನ್ನು ಎರಡು ಸಲ ಓದಿದರು. ಮೂರನೆಯ ಸಲ ಮಾತ್ರೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಹೆಸರಿಗೆ ಹೆಸರು ತಾಳೆ ನೋಡಿದರು. ಆಮೇಲೆ ಎದ್ದು ಉಳಿದಿದ್ದ ಹಣ್ಣನ್ನು ತಾವೇ ಕಸದ ಬುಟ್ಟಿಗೆ ಹಾಕಿ, ಹಾಳೆಗೆ ತೂತು ಹೊಡೆದು ಕಡತಕ್ಕೆ ಸೇರಿಸಿದರು.

“ನೋಡಿದ್ರಾ,” ಅಂದರು, “ತಪ್ಪಾಯ್ತು ಅಂತ ಗೊತ್ತಾದ ಕೂಡ್ಲೆ ಪುರವಣಿ ಹೊರಡಿಸಿದಾರೆ. ದೊಡ್ಡ ಮನುಷ್ಯರು ಅಂದ್ರೆ ಹೀಗಿರ್ಬೇಕು.” ಆಮೇಲೆ, “ಎಲ್ರಿಗೂ ಬಂದಿದೆ ತಾನೇ ಇದು? ಹೊಲಿಗೆಯವ್ರೂ ಇಂಥದ್ದೇ ಮಾತ್ರೆ ನುಂಗ್ತಾರೆ,” ಎಂದು ಕೇಳಿದರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎನ್ನಲು ಅವನಿಗೆ ಒಂದೇ ಗಳಿಗೆ ಬೇಕಿತ್ತು. ಇಲ್ಲ ಅಂದರೆ ಯಾಕಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು, ಅದರ ಹಿಂದೆ ಇನ್ನೊಂದು, ಎಲ್ಲ ಬಿಚ್ಚಿಕೊಂಡು ಬೀಳುತ್ತಿತ್ತು. ಅತ್ತೆ ತಿನ್ನುವುದನ್ನು ಬಿಟ್ಟಿದ್ದರು. ಅವನಿಗೆ ಬೇಕಾಗಿದ್ದುದು ಅಷ್ಟೇ.

“ಬಂದಿರುತ್ತೆ ಅತ್ತೆ,” ಅಂದ.

ಶುಕ್ರವಾರದವರೆಗೆ ಅತ್ತೆ ಮನೆ ಬಿಟ್ಟು ಕದಲಲಿಲ್ಲ. ಮೂರನೆಯ ದಿನಕ್ಕೆ ತಲೆ ತೇಲುವುದು ನಿಂತಿತು, ಮುಖಕ್ಕೆ ಕಳೆ ಬಂತು. ಶುಕ್ರವಾರದ ಸಂಚಿಕೆಯಲ್ಲಿ ಪಪ್ಪಾಯಿಯ ಇತಿಹಾಸ ಬಂದಿತ್ತು. ಅದರಲ್ಲಿ ಗ್ರೇಪ್‌ಫ್ರೂಟಿನ ಎಚ್ಚರಿಕೆ ಹೇಗೆ ತೂರಿಸುವುದು ಎಂದು ಹೊಳೆಯದೆ ಫಲಾನುಭವಿ ಕೈಬಿಟ್ಟಿದ್ದ. ಪಕ್ಕದಲ್ಲಿ ರಸದ ಲೋಟದ ಹುಡುಗಿ ಹಾಗೆಯೇ ನಗುತ್ತಿದ್ದಳು.

ಶನಿವಾರ ಬೆಳಿಗ್ಗೆ ಫೋನ್ ಬಂತು. ಹೊಲಿಗೆಯವರು ಬಿದ್ದುಬಿಟ್ಟಿದ್ದರು. ಮಿಷನ್ನಿನ ಮುಂದಿಂದ ಎದ್ದವರು ಹಾಗೆಯೇ ಕಣ್ಣು ಕತ್ತಲಿಟ್ಟು, ಮೇಜಿನ ಅಂಚಿಗೆ ಬಡಿದುಕೊಂಡು ನೆಲಕ್ಕೆ ಬಿದ್ದಿದ್ದರು. ತಾಯಿ ಮಗಳು ಆಸ್ಪತ್ರೆಗೆ ಓಡಿದರು. ಫಲಾನುಭವಿ ‘ಮನೇಲಿ ಯಾರಾದ್ರೂ ಇರ್ಬೇಕಲ್ಲ’ ಎಂದು ಉಳಿದುಕೊಂಡ. ಮನೆಯಲ್ಲಿ ಯಾಕಿರಬೇಕೋ ಅವನಿಗೂ ಗೊತ್ತಿರಲಿಲ್ಲ. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಮೂರು ಗಂಟೆ ಕಳೆದ.

ಮಧ್ಯಾಹ್ನ ಅವರು ಮರಳಿದಾಗ ಅತ್ತೆ ಚಪ್ಪಲಿ ಬಿಡದೆ ನೇರವಾಗಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಆರು ವರ್ಷದಲ್ಲಿ ಅವರು ಹೀಗೆ ಮಾಡಿದ್ದನ್ನು ಅವನು ನೋಡಿರಲಿಲ್ಲ.

“ಹಣೆಗೆ ಏಳು ಹೊಲಿಗೆ. ಬಲಗೈ ಮುರಿದಿದೆ,” ಅಂದರು. “ಕತ್ತರಿ ಹಿಡಿಯೋ ಕೈ. ಇನ್ನು ಮೂರು ತಿಂಗಳು ಏನೂ ಮಾಡೋ ಹಾಗಿಲ್ಲ, ಆಮೇಲೂ ಮೊದಲಿನ ಹಾಗೆ ಆಗುತ್ತೋ ಇಲ್ವೋ ಅಂದ್ರು. ಅಲ್ಲಿಯ ಡಾಕ್ಟರು ಮಾತ್ರೆ ಹೆಸರು ನೋಡಿ ಕೇಳಿದ ಮೊದಲ್ನೇ ಮಾತೇ, ಗ್ರೇಪ್‌ಫ್ರೂಟ್ ತಿಂದ್ರಾ ಅಂತ. ನಾನು ಹೊಲಿಗೆಯವ್ರನ್ನ ಬೈದೆ. ಪುರವಣಿ ಓದಲಿಲ್ವಾ ಅಂದೆ. ಯಾವ ಪುರವಣಿ ಅಂದ್ರು.”

ಫಲಾನುಭವಿ ಎದುರಿನ ಕುರ್ಚಿಯಲ್ಲಿ ಕೂತ.

“ಅಕ್ಕಪಕ್ಕದ ಮಂಚದವ್ರನ್ನ ಕೇಳ್ದೆ. ಕೆಳಗೆ ಪತ್ರಿಕೆ ಮಾರೋನನ್ನ ಕೇಳ್ದೆ. ಯಾರಿಗೂ ಬಂದಿಲ್ಲ. ಮೂವತ್ತು ವರ್ಷ ದಾಖಲೆ ಕಚೇರಿಯಲ್ಲಿದ್ದೆ ನಾನು. ಒಂದೇ ಒಂದು ಪ್ರತಿ ಇರೋ ಸುತ್ತೋಲೆ ನೋಡಿಲ್ಲ. ಹೇಳಿ.”

ಅವನು ಹೇಳಿದ. ಕನ್ನಡಕದ ಅಂಗಡಿಯಿಂದ ಹಿಡಿದು ಪ್ರೂಫ್ ಯಂತ್ರದವರೆಗೆ, ವಾಕಿಂಗ್ ಬಿಡಿಸಿದ ಸಾಲಿನವರೆಗೆ ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದ. ಡಾಕ್ಟರೇ ಇಲ್ಲ ಎಂದು ತಿಳಿದರೆ ಅತ್ತೆ ಕುಸಿದುಹೋಗುತ್ತಾರೆ ಎಂದು ಅವನು ಹೆದರಿದ್ದ. ಅವರು ಕಡತದ ಕಡೆಗೂ ನೋಡಲಿಲ್ಲ.

“ಡಾಕ್ಟರು ಇರಲಿಲ್ಲ, ಆಯ್ತು,” ಅಂದರು. “ನೀವಿದ್ರಲ್ಲ? ನಿಮಗೆ ಗೊತ್ತಿತ್ತಲ್ಲ? ಎಲ್ರಿಗೂ ಬಂದಿದೆಯಾ ಅಂತ ನಾನು ಕೇಳಿದಾಗ ಇಲ್ಲ ಅಂದಿದ್ರೆ ಸಾಕಿತ್ತು. ನಾನೇ ನಡ್ಕೊಂಡು ಹೋಗಿ ಹೇಳ್ತಿದ್ದೆ. ನಿಮ್ಮ ಅತ್ತೆ ಉಳಿದ್ರೆ ಸಾಕು, ಬೇರೆಯವರ ಕೈ ಮುರೀಲಿ ಅಂತಲಾ?”

ಅವನಿಗೆ ಅಳು ಬಂತು. ಅತ್ತೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಚೀಲದಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ವಾಕಿಂಗಿನವರ ಫೋನ್ ನಂಬರುಗಳು. ಹೊಲಿಗೆಯವರನ್ನೂ ತಮ್ಮನ್ನೂ ಬಿಟ್ಟು ಏಳು ಜನ.

“ಆಸ್ಪತ್ರೆಗೆ ಬಂದ ಇಬ್ಬರಿಗೆ ನಾನು ಹೇಳಿ ನೋಡ್ದೆ,” ಅಂದರು. “ಹೊಲಿಗೆಯವ್ರು ದಿನಾ ತಿನ್ನೋದು ತಪ್ಪಿಸ್ತಿದ್ರು, ಅದಕ್ಕೇ ಬಿದ್ದಿದ್ದು ಅಂತಾರೆ. ಪುಟದಲ್ಲಿ ಬಂದಿಲ್ಲವಲ್ಲ ಅಂತಾರೆ. ಅವ್ರಿಗೆ ಆ ಮಾತು ಕಲಿಸಿದೋಳೂ ನಾನೇ. ನೀವು ಮಾಡಿ ಫೋನು.”

ಮೊದಲ ನಂಬರಿಗೆ ಮಾಡಿದ. ಆ ಕಡೆಯ ಹೆಂಗಸು ಯಾರು ಎಂದು ಕೇಳಿದರು. ‘ಹಾಯಾಗಿರಿ’ ಪುಟದವನು ಅಂದ. “ಅಯ್ಯೋ, ಡಾಕ್ಟರಾ?” ಎಂದರು ಅವರು. ಫಲಾನುಭವಿ ಎದೆ ಸೆಟೆಸಿ, ಬದುಕಿನಲ್ಲಿ ಇದುವರೆಗೆ ಮಾಡದಿದ್ದ ಕೆಲಸ ಮಾಡಿದ.

“ಅಲ್ಲಮ್ಮ. ಡಾಕ್ಟರು ಅಂತ ಯಾರೂ ಇಲ್ಲ. ಅದನ್ನೆಲ್ಲ ಬರೆಯೋನು ನಾನು, ನನಗೆ ವೈದ್ಯದ ಗಂಧಗಾಳಿಯಿಲ್ಲ. ನೀವು ಆ ಹಣ್ಣು…”

“ಡಾಕ್ಟರ ಹೆಸರು ಕೆಡಿಸೋಕೆ ಎಂಥೆಂಥವರು ಹುಟ್ಕೊಂಡಿದಾರಪ್ಪ!” ಎಂದು ಬೈದು ಅವರು ಫೋನ್ ಇಟ್ಟರು.

ಅವನು ಅತ್ತೆಯ ಕಡೆ ನೋಡಿದ. ಫಲ ಸಿಗದಿದ್ದರೂ ಸತ್ಯ ಹೇಳಿದ್ದಕ್ಕೆ ಒಂದು ಒಳ್ಳೆಯ ಮಾತಾದರೂ ಸಿಕ್ಕೀತು ಎಂಬ ಆಸೆ ಅವನ ಮುಖದಲ್ಲಿತ್ತು.

“ನಿಮ್ಮ ಮನಸ್ಸು ಹಗುರಾಯ್ತಾ?” ಅಂದರು ಅತ್ತೆ. “ಅವ್ರು ಸಂಜೆ ಊಟಕ್ಕೆ ಮುಂಚೆ ಅರ್ಧ ಹಣ್ಣು ತಿಂತಾರೆ, ನೋಡ್ತಾ ಇರಿ. ನಿಮ್ಮ ಸತ್ಯ ಯಾರಿಗೆ ಬೇಕಾಗಿದೆ ಈಗ? ಹನ್ನೊಂದು ವರ್ಷ ನಿಮ್ಮ ಅನುಕೂಲಕ್ಕೆ ಡಾಕ್ಟರಾಗಿದ್ರಿ. ಇವತ್ತು ಅವ್ರಿಗೋಸ್ಕರ ಅರ್ಧ ಗಂಟೆ ಡಾಕ್ಟರಾಗಿ. ಸೋಮವಾರ ನಿಮ್ಮ ಕಚೇರಿಗೆ ನಾನೂ ಬರ್ತೀನಿ, ಸತ್ಯವನ್ನ ಅಲ್ಲಿ ಹೇಳೋರಂತೆ. ಮಾಡಿ, ಎರಡನೇದು.”

ಅವನು ಎರಡನೆಯ ನಂಬರು ಒತ್ತಿದ.

“ಹೌದಮ್ಮ,” ಅಂದ. “ಡಾಕ್ಟರೇ ಮಾತಾಡ್ತಿರೋದು.”

ಆ ಕಡೆಯಿಂದ ಬಂದ ಸಂತೋಷದ ಕೂಗು ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳಿಸಿತು. ಡಾಕ್ಟರೇ ಮನೆಗೆ ಫೋನ್ ಮಾಡಿದ್ದಾರೆ! ಅವನು ಗಂಟಲು ಸರಿಮಾಡಿಕೊಂಡು, ಹಣ್ಣು ಬಿಡಬೇಕು, ಇವತ್ತಿನಿಂದಲೇ ಬಿಡಬೇಕು, ಹೊಲಿಗೆಯವರು ಬಿದ್ದದ್ದು ಇದರಿಂದಲೇ ಎಂದು ಬಿಡಿಸಿ ಹೇಳಿದ. ನೀವು ಹೇಳಿದ ಮೇಲೆ ಮುಗೀತು ಡಾಕ್ಟ್ರೇ, ಈಗಲೇ ಎಸೀತೀನಿ ಅಂದರು ಅವರು. ಅವನಿಗೆ ಉಸಿರು ಬಂದಂತಾಯಿತು.

“ಆಮೇಲೆ ನಾಳೆನೇ ಹೋಗಿ, ನಿಮಗೆ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನ ಒಂದು ಸಲ ನೋಡಿ ಬನ್ನಿ,” ಅಂದ.

“ನೀವಿರೋವಾಗ ಇನ್ನೊಬ್ಬ ಡಾಕ್ಟರು ಯಾಕೆ ಬೇಕು ನನಗೆ?” ಅಂದರು ಆ ಹೆಂಗಸು, ತುಂಬು ಪ್ರೀತಿಯಿಂದ.

ಫಲಾನುಭವಿ ಫೋನ್ ಕೆಳಗಿಟ್ಟ. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಮೂರನೆಯ ನಂಬರಿನ ಮೇಲೆ ಬೆರಳಿಟ್ಟರು.